ಹನೋಯಿಯ ಎತ್ತರದ ಕುರ್ಚಿ

ದೆವ್ವ, ಪೂರ್ವಜನ್ಮ ಅಂತ ಯಾರಾದರೂ ಕತೆ ಶುರು ಮಾಡಿದರೆ ಚಹಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುವವಳು ನಾನು. ಮಸ್ಕತ್ತಿನ ಒಂದು ಕಂಪನಿಯಲ್ಲಿ ಪಾಸ್‌ಪೋರ್ಟ್, ವೀಸಾ ನೋಡಿಕೊಳ್ಳುವ ಕೆಲಸ ನನ್ನದು. ಮೊಹರು ಬಿದ್ದದ್ದನ್ನು ಮಾತ್ರ ನಂಬಿ ಅಭ್ಯಾಸ. ಈಗ ನಾನೇ ಇಂಥದೊಂದು ಕತೆ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಈದ್ ರಜೆಯಲ್ಲಿ ನಾನೂ ನನ್ನ ಗಂಡ ವಾಲ್ಟರೂ ವಿಯೆಟ್ನಾಮಿನ ರಾಜಧಾನಿ ಹನೋಯಿಗೆ ಹೋಗಿದ್ದೆವು. ಉಡುಪಿ ಬಿಟ್ಟರೆ ಒಮಾನ್, ಒಮಾನ್ ಬಿಟ್ಟರೆ ಉಡುಪಿ. ಮೂರನೆಯ ಊರು ಅಂತ ಇಬ್ಬರೂ ನೋಡಿದ್ದು ಅದೇ ಮೊದಲು. ನಮಗೆ ಮಕ್ಕಳಿಲ್ಲ. ಅದಕ್ಕಾಗಿ ಹೊತ್ತ ಹರಕೆ, ಅಲೆದ ಆಸ್ಪತ್ರೆಗಳ ಸುದ್ದಿ ಇಲ್ಲಿ ಬೇಡ. "ನಾವಿಬ್ಬರೇ ಸಾಕು ಮಾರಾಯ್ತಿ" ಅಂತ ಒಂದು ದಿನ ಅವರೇ ಆ ಸುದ್ದಿ ಮುಗಿಸಿದ್ದರು. ಆ ಮಾತಿನ ಮೇಲೇ ನಮ್ಮ ಸಂಸಾರ ನಿಂತಿತ್ತು.

ಹನೋಯಿ ಅಂದರೆ ಬೈಕುಗಳ ಊರು. ಮನೆಯಿಂದ ಕಾರು, ಕಾರಿನಿಂದ ಆಫೀಸು ಅಂತ ಬದುಕಿದ ನನಗೆ ರಸ್ತೆ ದಾಟಲು ಹೆದರಿಕೆಯಾಗುತ್ತಿತ್ತು. ನಿಲ್ಲದೆ, ಓಡದೆ ನಡೆದರೆ ಬೈಕುಗಳೇ ಬಳಸಿಕೊಂಡು ಹೋಗುತ್ತವೆ ಅಂತ ತಿಳಿಯಲು ಎರಡು ದಿನ ಹಿಡಿಯಿತು. ವಾಲ್ಟರ್ ಮಾತ್ರ ಮೊದಲ ದಿನವೇ ಸಲೀಸಾಗಿ ದಾಟಿದರು. ಫುಟ್‌ಪಾತಿನಲ್ಲಿ ಮೊಣಕಾಲೆತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಊರಿಗೆ ಊರೇ ಕೂತು ಉಣ್ಣುತ್ತದೆ. ವಾಲ್ಟರಿಗೆ ಹಾಗೆ ಕೂರಲಾಗದು. ಮಸ್ಕತ್ತಿನ ಘಾಲಾದಲ್ಲಿ, ತಾವು ಕೆಲಸ ಮಾಡುವ ಗೋದಾಮಿನಲ್ಲಿ ಬಿದ್ದ ಮೇಲೆ ಅವರ ಎಡಮೊಣಕಾಲು ಮಡಚುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಇಗರ್ಜಿಗೆ ಹೋದೆವು. ಬಾಗಿಲು ಹಾಕಿತ್ತು. ವಾರದ ಪೂಜೆಯನ್ನು ಶುಕ್ರವಾರದ ರಜೆಗೆ ತಂದುಕೊಂಡವರು ಗಲ್ಫಿನ ನಾವು, ಉಳಿದ ಲೋಕಕ್ಕೆ ಭಾನುವಾರವೇ ಅನ್ನುವುದು ಆಮೇಲೆ ತಲೆಗೆ ಹೋಯಿತು. ನಗುತ್ತಾ ಪಕ್ಕದ ಓಣಿಗೆ ತಿರುಗಿದೆವು. ಸರಿಯಾಗಿ ಹೇಳಬೇಕೆಂದರೆ ತಿರುಗಿದ್ದು ಅವರು, ಹಿಂದೆ ಹೋದದ್ದು ನಾನು.

ಓಣಿಯ ಕೊನೆಯಲ್ಲಿ ಒಬ್ಬ ಅಜ್ಜಿಯ ಕಾಫಿ ಅಂಗಡಿಯಿತ್ತು. ವಾಲ್ಟರನ್ನು ಕಂಡದ್ದೇ ಅಜ್ಜಿ ಒಳಗೆ ಹೋಗಿ ಎತ್ತರದ ಮರದ ಕುರ್ಚಿಯೊಂದನ್ನು ತಂದಿಟ್ಟಳು. ಇವರು ನಮ್ಮ ಮನೆಯಲ್ಲಿ ಕೂರುವ ಹಾಗೆ ಎಡಗಾಲು ಚಾಚಿ ಕೂತರು. ಇವರು ಕುಂಟುವುದನ್ನು ಅಜ್ಜಿ ನೋಡಿರಬೇಕು ಅಂದುಕೊಂಡೆ. ಕೇಳದೆಯೇ ಸಕ್ಕರೆಯಿಲ್ಲದ ಕಪ್ಪು ಕಾಫಿ ಬಂತು. ಅವರು ಕುಡಿಯುವುದೂ ಅದನ್ನೇ. ಆಮೇಲೆ ಅಜ್ಜಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ವಾಲ್ಟರ್ ಮುಖ ಮೆತ್ತಗಾಯಿತು. ಹೌದೆಂದು ತಲೆಯಾಡಿಸಿದರು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಪಕ್ಕದ ಸ್ಟೂಲಿನ ಹೆಂಗಸಿಗೆ ಇಂಗ್ಲಿಷ್ ಬರುತ್ತಿತ್ತು. ಅಜ್ಜಿ ಏನು ಕೇಳಿದರೆಂದು ವಿಚಾರಿಸಿದೆ.

"ಮಗಳು ಈಗ ಹುಷಾರಾಗಿದ್ದಾಳಾ ಅಂತ ಕೇಳಿದರು," ಅಂದಳು.

ಹೋಟೆಲಿಗೆ ಬಂದು ಜಗಳವಾಡಿದೆ. ಜಪಮಣಿ ಮುಟ್ಟಿಸಿ ಕೇಳಿದೆ. ಆ ಊರಿಗೆ ಕಾಲಿಟ್ಟದ್ದು ಇದೇ ಮೊದಲು ಅಂದರು.

"ಭಾಷೆ ಬಾರದಲ್ಲಿ ತಲೆಯಾಡಿಸದೆ ಮತ್ತೇನು ಮಾಡುವುದು?"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಪ್ರಮಾಣಿಸುವುದೇ ನನ್ನ ಕಸುಬು. ಅವರ ಪಾಸ್‌ಪೋರ್ಟ್ ಮದುವೆಯಾದಂದಿನಿಂದ ನನ್ನ ಕೈಯಲ್ಲೇ ಇದೆ. ಈ ಪ್ರವಾಸದ್ದು ಬಿಟ್ಟರೆ ಆ ಕಡೆಯ ಮೊಹರು ಒಂದೂ ಇಲ್ಲ. ಗಾಯಕ್ಕೆ ಆಸ್ಪತ್ರೆಯಲ್ಲಿ ಮಲಗಿದ್ದು ಬಿಟ್ಟರೆ ನನ್ನನ್ನು ಬಿಟ್ಟು ಎಲ್ಲೂ ಇದ್ದವರಲ್ಲ, ಆಗಲೂ ಪಕ್ಕದಲ್ಲಿ ನಾನಿದ್ದೆ. ಅಜ್ಜಿಗೆ ಯಾರನ್ನೋ ಕಂಡ ಹಾಗಾಗಿರಬಹುದು, ಒಪ್ಪುತ್ತೇನೆ. ಆದರೆ ಆ ಮುಖ? ಅದು ಅರ್ಥವಾಗದವನ ಮುಖವಲ್ಲ, ಜ್ವರ ಬಿಟ್ಟ ಮಗುವಿನ ಅಪ್ಪನ ಮುಖ. ಮಕ್ಕಳಿಲ್ಲದ ದುಃಖವನ್ನು ಇಬ್ಬರೂ ಸಮನಾಗಿ ಹೊತ್ತಿದ್ದೇವೆ ಅಂದುಕೊಂಡಿದ್ದೆ. ನನ್ನೊಬ್ಬಳನ್ನೇ ಅದರಲ್ಲಿ ಬಿಟ್ಟು ಅವರು ಎಲ್ಲೋ ಹೋಗಿ ಬಂದಿದ್ದರು. ಅದನ್ನು ಮೋಸ ಅನ್ನದೆ ಏನನ್ನಲಿ? ಸುಳ್ಳು ಹೇಳುತ್ತಿದ್ದರೆ ಎಂದಾದರೂ ಕ್ಷಮಿಸಬಲ್ಲೆ. ನಿಜವನ್ನೇ ಹೇಳುತ್ತಿದ್ದರೆ ಕ್ಷಮಿಸುವುದು ಹೇಗೆಂದೇ ತಿಳಿಯದು.

ಮೊದಲೆಲ್ಲ ಶುಕ್ರವಾರ ಮಸ್ಕತ್ತಿನ ಇಗರ್ಜಿಯಲ್ಲಿ ವಾಲ್ಟರ್ ನಮ್ಮಿಬ್ಬರ ಹೆಸರಲ್ಲಿ ಒಂದು ಮೋಂಬತ್ತಿ ಹಚ್ಚುತ್ತಿದ್ದರು. ಹನೋಯಿಯಿಂದ ಬಂದ ಮೇಲೆ ಎರಡು. ಇನ್ನೊಂದು ಯಾರಿಗೆ ಅಂದರೆ ಸುಮ್ಮನೆ ಅನ್ನುತ್ತಾರೆ. ಕಳೆದ ಶುಕ್ರವಾರ ಅವರಿಗೆ ಡ್ಯೂಟಿ ಇತ್ತು, ನಾನೊಬ್ಬಳೇ ಹೋಗಿದ್ದೆ. ಒಂದನ್ನು ಹಚ್ಚಿ ಬಾಗಿಲವರೆಗೆ ಬಂದೆ. ಆಮೇಲೆ ತಿರುಗಿ ಹೋಗಿ, ಸಿಟ್ಟಿನಲ್ಲೇ, ಎರಡನೆಯದನ್ನೂ ಹಚ್ಚಿದೆ.