ಕೆಂಡಕ್ಕೆ ಬಿದ್ದ ತೋಳಹಾವು

ನಂಬೋರು ನಂಬಿ, ಬಿಡೋರು ಬಿಡಿ. ನಾನು ಓದಿದವಳಲ್ಲ, ಕಥೆ ಕಟ್ಟೋಕೆ ಬರಲ್ಲ. ಕಣ್ಣಾರೆ ಕಂಡಿದ್ದು ಇದು.

ಮಗಳ ಬಾಣಂತನಕ್ಕೆ ಅಂತ ಕೋಲ್ಕತಾಗೆ ಬಂದೆ. ಲೇಕ್ ಗಾರ್ಡನ್ಸಲ್ಲಿ ಹಳೇ ಬಾಡಿಗೆ ಮನೆ, ಗೋಡೆಯೆಲ್ಲ ತೇವ. ಅವತ್ತು ಕತ್ತಲಾದ ಮೇಲೆ ಮಗೂಗೆ ನೀರು ಹಾಕಿ, ತೊಟ್ಟಿಲಲ್ಲಿ ಮಲಗಿಸಿ, ಅಗ್ಗಿಷ್ಟಿಕೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದೆ. ಕಿಟಕಿ ಮುಚ್ಚಿದ್ದೆ. ಕೋಣೆ ತುಂಬ ಹೊಗೆ...

ತಪ್ ಅಂತು.

ಮೇಲಿನ ತೊಲೆಯಿಂದ ಹಾವು ತೊಟ್ಟಿಲ ಪಕ್ಕಕ್ಕೆ ಬಿತ್ತು. ಬೆರಳ ಗಾತ್ರ, ಕಂದು ಮೈ, ಬಿಳಿ ಪಟ್ಟೆ.

"ಅತ್ತೆ, ಹೊಡೀಬೇಡಿ!" ಅಳಿಯ ಬಾಗಿಲಲ್ಲೇ ಕೂಗಿದರು. ಕಾಲೇಜಲ್ಲಿ ಪ್ರಾಣಿಗಳ ಪಾಠ ಹೇಳೋರು. "ಅದು ತೋಳಹಾವು. ಆ ಕುಲದಲ್ಲಿ ಎಷ್ಟೋ ಜಾತಿ ಇದೆ, ಯಾವುದೂ ಮನುಷ್ಯರನ್ನ ಕೊಲ್ಲಲ್ಲ. ಹಲ್ಲಿ ತಿಂದ್ಕೊಂಡಿರುತ್ತೆ."

"ಜಾತಿ ಕೇಳ್ಕೊಂಡು ಕೂರ್ಲಾ? ನಿಮ್ಮ ಪಾಠ ಮುಗಿಯೋದ್ರೊಳಗೆ ಮಗೂನ ಕಚ್ಚಿರುತ್ತೆ."

ಇಕ್ಕಳದಲ್ಲಿ ಹಿಡಿದು ಕೆಂಡಕ್ಕೆ ಒತ್ತಿದೆ.

ಚುರ್ ಅಂತು. ಕೂದಲು ಸುಟ್ಟ ವಾಸನೆ. ಹಾವು ಎಡಕ್ಕೆ ತಿರುಚಿಕೊಂಡಿತು...

ತೊಟ್ಟಿಲಲ್ಲಿ ಮಗೂನೂ ಎಡಕ್ಕೆ ತಿರುಚಿಕೊಂಡಿತು. ಇನ್ನೂ ಕತ್ತು ನಿಲ್ಲದ ಕೂಸು! ಹಾವು ಬಲಕ್ಕೆ ಹೊರಳಿತು. ಮಗು ಬಲಕ್ಕೆ. ಬಾಯಿ ತೆರೆದಿದೆ, ದನಿಯಿಲ್ಲ...

"ಅಮ್ಮಾ, ತೆಗಿ! ತೆಗಿಯೇ!" ಮಗಳು ಚೀರಿದಳು.

ತೆಗೀಲಿಲ್ಲ. ಬೇಗ ಸತ್ತರೆ ಮಗೂನ ಬೇಗ ಬಿಡುತ್ತೆ ಅಂತ ಇನ್ನೂ ಅದುಮಿದೆ. ಮಗು ನೀಲಿಗಟ್ಟಿತು. ಆಗ ಇಕ್ಕಳ ಸಡಿಲ ಬಿಟ್ಟೆ.

ಅರ್ಧ ಬೆಂದ ಹಾವು ಮೈ ಎಳ್ಕೊಂಡು ಗೋಡೆಯ ಬಿರುಕಿಗೆ ಹೋಯಿತು. ಮಗು ಉಸಿರೆಳೆದು ಅತ್ತಿತು.

ಹೊಗೆಗೆ ಉಸಿರು ಕಟ್ಟಿದೆ ಅಂದರು ಡಾಕ್ಟರು. ಇರಬಹುದು. ಆದರೆ ಬಿರುಕು ಮುಚ್ಚೋಕೆ ಮಿಸ್ತ್ರಿ ಬಂದಾಗ ಹೊಗೆ ಇರಲಿಲ್ಲ. ಅವನು ಒಂದು ಕರಣೆ ಸಿಮೆಂಟು ಮೆತ್ತಿದ, ಮಗು ಮತ್ತೆ ನೀಲಿ. ನಾನೇ ಬೆರಳಲ್ಲಿ ಬಗೆದು ತೆಗೆದೆ.

"ಮಾಶಿಮಾ ಪಾಗಲ್ ಹೋ ಗಯೀ," ಅಂತ ನಕ್ಕ, ಈ ಅಮ್ಮಂಗೆ ಹುಚ್ಚು ಹಿಡೀತು ಅಂತ. ನಗಲಿ.

ಅವತ್ತಿಂದ ಹಲ್ಲಿ ಹಿಡಿದು, ಓಡದ ಹಾಗೆ ಕಾಲು ಮುರಿದು, ಬಿರುಕಿನ ಬಾಯಿಗೆ ಇಡ್ತೀನಿ. ಬೆಳಗ್ಗೆ ಇರಲ್ಲ. ಮಗು ಮೈಕೈ ತುಂಬಿಕೊಂಡಿದೆ.

ಈಗ ಓನರ್ ಮನೆ ಕೆಡವಿ ಫ್ಲ್ಯಾಟ್ ಕಟ್ಟಿಸ್ತಾನಂತೆ. ಅಳಿಯ ಕಸ್ಬಾದಲ್ಲಿ ಬೇರೆ ಮನೆ ನೋಡಿದ್ದಾರೆ. ಮಗಳು ಪಾತ್ರೆ ಕಟ್ಟುತ್ತಾ, "ಅಮ್ಮ, ಗೋಡೆ ಒಡೆಯೋ ದಿನ..." ಅಂದು ನಿಲ್ಲಿಸಿದಳು.

ರಾತ್ರಿಯೆಲ್ಲ ಬಿರುಕಿನ ಮುಂದೆ ಬುಟ್ಟಿ ಇಟ್ಕೊಂಡು ಕೂರ್ತೀನಿ. ಬಾ, ಬಾ ಅಂತ ಕರೀತೀನಿ.

ಒಳಗೆ ಸರಸರ ಅನ್ನುತ್ತೆ... ಹೊರಗೆ ಬರಲ್ಲ.