ಬೆನ್ನು ತೆರೆದ ಜಂಪರ್

ಸಂಜೆ ಏಳರ ಹೊತ್ತಿಗೆ ಬಳ್ಳಾರಿಯ ನಮ್ಮ ಕಂಟೋನ್ಮೆಂಟಿನ ಬೀದಿಯಲ್ಲಿ ಒಂದು ಸುತ್ತು ನಡೆದು ಬಂದರೆ, ಧಾರಾವಾಹಿಗಾಗಿ ಮನೆಯಲ್ಲಿ ಕೂರಬೇಕಾದ ಅಗತ್ಯವೇ ಇಲ್ಲ. ಮೊದಲನೆಯ ಮನೆಯ ಕಿಟಕಿಯಲ್ಲಿ ಅತ್ತೆ ಗದರುತ್ತಾಳೆ, ಎರಡನೆಯ ಮನೆ ದಾಟುವಷ್ಟರಲ್ಲಿ ಸೊಸೆ ಅಳುತ್ತಾಳೆ, ಮೂರನೆಯ ಮನೆಯವರು ಕಿವಿ ಮಂದವಾದ ಅಜ್ಜನಿಗಾಗಿ ಧ್ವನಿ ಏರಿಸಿಟ್ಟಿರುವುದರಿಂದ ಹಿನ್ನೆಲೆ ಸಂಗೀತವೂ ತಪ್ಪುವುದಿಲ್ಲ. ನಡೆಯಿರಿ ಎಂದು ವೈದ್ಯರು ಹೇಳಿದ್ದಾರೆ, ನೋಡು ಎಂದು ಮನಸ್ಸು ಹೇಳುತ್ತದೆ. ಈ ಪರಸ್ಪರ ವಿರುದ್ಧ ಆದೇಶಗಳನ್ನು ನಮ್ಮ ಬೀದಿ ಬಹಳ ಸೊಗಸಾಗಿ ಸಮನ್ವಯಗೊಳಿಸಿದೆ. ಒಂದೇ ಕೊರತೆಯೆಂದರೆ ಕಿವಿಗೆ ಉಡುಗೆ ಕಾಣುವುದಿಲ್ಲ. ನಾನು ಧಾರಾವಾಹಿ ನೋಡುವುದು ಕಥೆಗಾಗಿ ಅಲ್ಲ ಎಂದು ಹೇಳಿದರೆ ಸಾಹಿತ್ಯಾಭಿರುಚಿಯ ಮಾತೆಂದು ನೀವು ಭ್ರಮಿಸಬಾರದು. ನಾನು ನೋಡುವುದು ಸೀರೆಗಾಗಿ. ಸೀರೆಗಿಂತಲೂ ಹೆಚ್ಚಾಗಿ, ಪೇಟೆಯವರು ಬ್ಲೌಸ್ ಎನ್ನುವ, ನಮ್ಮ ಕಡೆ ಜಂಪರ್ ಎನ್ನುವ ಆ ಗೇಣುದ್ದದ ಬಟ್ಟೆಗಾಗಿ.

ಈ ದೌರ್ಬಲ್ಯವನ್ನು ನಾನು ಮುಚ್ಚಿಟ್ಟವಳಲ್ಲ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ಬಂದ ಮೇಲೆ ಉಳಿಯುವ ಹೊತ್ತಿನಲ್ಲಿ ‘ಕಂಟೋನ್ಮೆಂಟ್ ಕಿಟಕಿ’ ಎಂಬ ಬ್ಲಾಗೊಂದನ್ನು ಬರೆಯುತ್ತಿದ್ದೆ. ಯಾವ ಧಾರಾವಾಹಿಯ ಸೊಸೆ ಒಂದೇ ಸೀರೆಯಲ್ಲಿ ಎಂಟು ಕಂತು ಅತ್ತಳು, ಯಾವ ಅತ್ತೆ ರೇಷ್ಮೆ ಸೀರೆಯುಟ್ಟೇ ನಿದ್ದೆಯಿಂದೇಳುತ್ತಾಳೆ ಎಂಬಂಥ ಗಹನ ವಿಚಾರಗಳು ಅದರಲ್ಲಿರುತ್ತಿದ್ದವು. ಓದುಗರು ಇಪ್ಪತ್ತು ಮಂದಿ ಇದ್ದಿರಬಹುದು. ಅವರಲ್ಲಿ ಅರ್ಧದಷ್ಟು ನನ್ನ ಹಳೆಯ ವಿದ್ಯಾರ್ಥಿನಿಯರು. ಪ್ರೀತಿಯಿಂದ ಓದುತ್ತಿದ್ದರೋ ಹಳೆಯ ಭಯದಿಂದಲೋ ವಿಚಾರಿಸುವ ಧೈರ್ಯ ನನಗೆ ಬರಲಿಲ್ಲ.

ಬಳ್ಳಾರಿಗೆ ವರ್ಗವಾಗುವ ಮೊದಲು ಹನ್ನೆರಡು ವರ್ಷ ನಾನು ಕುರುಗೋಡಿನಲ್ಲಿದ್ದೆ. ಅಲ್ಲಿ ನನ್ನ ಜಂಪರುಗಳನ್ನೆಲ್ಲ ಹೊಲಿದವಳು ಹುಸೇನಬಿ. ಇದು ಆಕೆಯ ನಿಜವಾದ ಹೆಸರಲ್ಲ. ಆ ಹೆಸರನ್ನು ಬರೆಯುವ ಹಕ್ಕನ್ನು ನಾನು ಹೇಗೆ ಕಳೆದುಕೊಂಡೆನೆಂಬುದೇ ಈ ಬರಹ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ: ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ನು, ಮೂಲೆಯ ಹಲಗೆಯ ಮೇಲೆ ಸಣ್ಣ ಟೀವಿ, ಗೋಡೆಯುದ್ದಕ್ಕೂ ಜೋತುಬಿದ್ದ ಊರ ಹೆಂಗಸರ ಬಣ್ಣಗಳು. ವಯಸ್ಸು ಹೆಚ್ಚುಕಡಿಮೆ ನನ್ನದೇ, ಐವತ್ತರ ಮೇಲೆ ಎರಡೋ ಮೂರೋ. ಗಂಡ ತೀರಿಕೊಂಡ ಮೇಲೆ ಆ ಮಿಷನ್ನಿನಲ್ಲೇ ಮಗಳನ್ನು ಓದಿಸಿದವಳು. ದಪ್ಪ ಗಾಜಿನ ಕನ್ನಡಕ, ಅದಕ್ಕೊಂದು ಕಪ್ಪು ದಾರ. ಬಳ್ಳಾರಿಯಲ್ಲಿ ಹೆಜ್ಜೆಗೊಬ್ಬರು ದರ್ಜಿಗಳಿದ್ದರೂ ನಾನು ಬಟ್ಟೆ ಹಿಡಿದು ಕುರುಗೋಡಿನ ಬಸ್ಸು ಹತ್ತುತ್ತಿದ್ದೆ. ಅವಳು ಹೊಲಿದದ್ದನ್ನು ತೊಟ್ಟಾಗ ನನ್ನ ದೇಹದ ಮೇಲೆ ನನಗಿರುವ ಅನೇಕ ತಕರಾರುಗಳು ತಾತ್ಕಾಲಿಕವಾಗಿ ಶಮನವಾಗುತ್ತಿದ್ದವು.

ಸಿರುಗುಪ್ಪದಲ್ಲಿರುವ ನನ್ನಕ್ಕನ ಮಗಳ ಮದುವೆ ನಿಶ್ಚಯವಾದಾಗ ಜಂಪರಿಗೆಂದು ನೇರಳೆ ಬಣ್ಣದ ರೇಷ್ಮೆ ಕಣ ಹಿಡಿದು ಅವಳಲ್ಲಿಗೆ ಹೋದೆ. ಟೀವಿಯಲ್ಲಿ ನಾವಿಬ್ಬರೂ ನೋಡುವ ಧಾರಾವಾಹಿಯೇ ಬರುತ್ತಿತ್ತು. ಕೇಡು ಬಗೆಯುವುದನ್ನೇ ಕಸುಬು ಮಾಡಿಕೊಂಡ ಕಿರಿಸೊಸೆ ಬೆನ್ನು ತಿರುಗಿಸಿ ನಿಂತಿದ್ದಳು. ಆ ಜಂಪರಿಗೆ ಬೆನ್ನಿನ ಕಡೆ ಬಟ್ಟೆಯೆಂಬುದು ನಾಲ್ಕು ಬೆರಳಿನಷ್ಟು. ಮೇಲೆ ಎರಡು ದಾರ, ದಾರದ ತುದಿಗೆ ಕುಣಿಯುವ ಗೊಂಡೆ.

"ಅಂಥಾದ್ದು ಹೊಲಿ," ಎಂದೆ.

"ಅತ್ತಿ ಹಾಕ್ಕೊಂಡಾಳಲ್ಲ, ಅದೇನ್ರಿ ಟೀಚರಮ್ಮ?"

"ಅಲ್ಲ. ಸೊಸಿದು."

ಹುಸೇನಬಿ ಮಿಷನ್ ನಿಲ್ಲಿಸಿ, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ಬೆನ್ನು ಭಾಳ ತೆರಿತೈತ್ರಿ. ಮದಿವ್ಯಾಗ ಮಂದಿ ಇರ್ತಾರ. ಎರಡು ಬೆರಳು ಏರಿಸ್ಲೇನ್ರಿ?"

"ಬ್ಯಾಡ, ಹಂಗ ಇರ್ಲಿ. ಗೊಂಡೇನೂ ಹಾಕು."

ಅವಳು ನಗಲಿಲ್ಲ. ಯಾಕೆ, ಏನು ಎಂದು ಕೇಳಲಿಲ್ಲ. ಹೇಳಿದ ದಿನಕ್ಕೆ ಹೇಳಿದಂತೆಯೇ, ಒಂದು ಹೊಲಿಗೆಯೂ ಸುಕ್ಕಾಗದಂತೆ ಹೊಲಿದುಕೊಟ್ಟಳು. ಬಳ್ಳಾರಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ತೊಟ್ಟು, ಕನ್ನಡಿಗೆ ಬೆನ್ನು ಕೊಟ್ಟು, ಕೊರಳು ನೋಯುವಷ್ಟು ಹಿಂದಕ್ಕೆ ತಿರುಗಿ ನೋಡಿಕೊಂಡೆ. ಆ ಐದು ನಿಮಿಷ ನಾನು ತುಂಬ ಸಂತೋಷವಾಗಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳುವುದೇ ಮೇಲು.

ಸಿರುಗುಪ್ಪದ ಬೇಸಿಗೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ, ಅರಿಯದವರಿಗೆ ವರ್ಣಿಸಿದರೂ ನಂಬಿಕೆ ಬರುವುದಿಲ್ಲ. ಕಲ್ಯಾಣ ಮಂಟಪದ ಮೆಟ್ಟಿಲು ಹತ್ತುವಷ್ಟರಲ್ಲೇ ನನ್ನ ಧೈರ್ಯ ಬೆವರಿನೊಂದಿಗೆ ಇಳಿದುಹೋಯಿತು. ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಹೊದ್ದುಕೊಂಡು ಕುಳಿತೆ. ಬೀಗರ ಕಡೆಯ ಹಿರಿಯರೊಬ್ಬರು ನನ್ನ ವಿನಯಶೀಲತೆಯನ್ನು ಮೆಚ್ಚಿ ತಮ್ಮ ಸೊಸೆಯರಿಗೆ ಮಾದರಿಯಾಗಿ ತೋರಿಸಿದರಂತೆ. ಆದರೆ ಅಕ್ಷತೆ ಹಾಕಲು ಕೈ ಎತ್ತಿದಾಗ ವಿನಯ ಜಾರಿತು. ಹಿಂದೆಯೇ ನಿಂತಿದ್ದ ಅಕ್ಕ ಉಸಿರು ಎಳೆದುಕೊಂಡಳು.

"ಇದೇನೇ ಇದು! ಜಂಪರಿನ ಬೆನ್ನೆಲ್ಲಿ ಹೋತು?"

ಸುತ್ತಲಿನ ಏಳೆಂಟು ಹೆಂಗಸರು ತಿರುಗಿದರು. ನಾನು ಬೇಕೆಂದೇ ಹೊಲಿಸಿಕೊಂಡೆ ಎಂದು ಹೇಳಬಹುದಿತ್ತು. ನಕ್ಕು ಸುಮ್ಮನಿರಬಹುದಿತ್ತು. ಬಾಯಿಂದ ಬಂದದ್ದು ಬೇರೆ.

"ಏನ್ ಮಾಡ್ಲಿ ಅಕ್ಕ, ನಾ ಹೇಳಿದ್ದೊಂದು, ಆ ಹುಸೇನಬಿ ಹೊಲದಿದ್ದೊಂದು. ಟೀವಿ ನೋಡ್ಕೊಂತ ಹೊಲಿತಾಳ ಆಕಿ."

ಎಲ್ಲರೂ ಅಯ್ಯೋ ಪಾಪ ಎಂದರು. ಯಾರೋ ಒಂದು ಶಾಲು ತಂದು ಹೊದಿಸಿದರು. ಆ ಶಾಲಿನ ಬೆಚ್ಚಗಿನ ಸಹಾನುಭೂತಿಯಲ್ಲಿ ನನಗೆ ನನ್ನ ಸುಳ್ಳು ಸುಳ್ಳೆಂದು ಅನ್ನಿಸಲೇ ಇಲ್ಲ.

ಅಲ್ಲಿಗೇ ನಿಂತಿದ್ದರೆ ಅದೊಂದು ಕ್ಷಣದ ಅಳುಕಾಗಿ ಮರೆತುಹೋಗುತ್ತಿತ್ತು. ಆದರೆ ಬ್ಲಾಗು ಬರೆಯುವವರಿಗೆ ಒಂದು ರೋಗವಿದೆ, ಅನುಭವವೆಲ್ಲ ಅವರಿಗೆ ಕಚ್ಚಾ ಸಾಮಗ್ರಿಯಾಗಿ ಕಾಣುತ್ತದೆ. ಬಳ್ಳಾರಿಗೆ ಬಂದ ಮರುದಿನವೇ ಬ್ಲೌಸಿನಿಂದ ಬ್ಲಾಗಿಗೆ ದಾಟಿದೆ. ಸಾದಾ ಜಂಪರ್ ಕೇಳಿದ ಅಮಾಯಕ ಶಿಕ್ಷಕಿ ನಾನು. ಧಾರಾವಾಹಿಯ ಗುಂಗಿನಲ್ಲಿ ಖಳನಾಯಕಿಯ ಉಡುಪನ್ನು ಹೊಲಿದಿಟ್ಟ ಕುರುಗೋಡಿನ ಫ್ಯಾಷನ್ ಮಹಾರಾಣಿ ಅವಳು. ಊರು, ಓಣಿ, ಹೆಸರು ಎಲ್ಲವನ್ನೂ ಹಾಕಿದೆ, ಸಹಜತೆ ಬರಲೆಂದು. ಅವಳ ಮಾತಿನ ಧಾಟಿಯನ್ನು ಅಕ್ಷರಕ್ಕಿಳಿಸಿದೆ. ಆ ದಪ್ಪ ಕನ್ನಡಕದ ಬಗ್ಗೆ, ಒಂದು ಗಾಜು ಟೀವಿಗೆ, ಇನ್ನೊಂದು ಸೂಜಿಗೆ, ಬಟ್ಟೆಗೆ ಮಾತ್ರ ಯಾವುದೂ ಇಲ್ಲ ಎಂಬ ವಾಕ್ಯವೊಂದನ್ನು ಬರೆದು, ಅದರ ಲಯಕ್ಕೆ ನಾನೇ ತಲೆದೂಗಿದೆ.

ಬರಹ ಓಡಿತು. ಇಪ್ಪತ್ತು ಓದುಗರ ಬ್ಲಾಗಿನಿಂದ ಅದು ವಾಟ್ಸಾಪ್ ಗುಂಪುಗಳಿಗೆ ಹಾರಿತು. ನಾನು ಕಂಡರಿಯದವರು ನನಗೇ ಅದನ್ನು ಕಳಿಸಿ, ಇದನ್ನು ಓದಿ ನಗಿರಿ ಎಂದರು. ಕೊನೆಗೆ ಸ್ಥಳೀಯ ಕೇಬಲ್ ಚಾನೆಲ್ಲೊಂದರವರು ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮದಲ್ಲಿ ಅದನ್ನು ಓದಿ ಎಂದು ಕರೆದರು. ಹೋದೆ. ಹಸಿರು ಸೀರೆಯುಟ್ಟು, ಅದಕ್ಕೊಪ್ಪುವ ಜಂಪರ್ ತೊಟ್ಟು, ಅಭಿನಯಸಹಿತ ಓದಿದೆ. ಪ್ರಸಾರದ ಹೊತ್ತನ್ನು ಫೋನಿನ ಸ್ಟೇಟಸ್ಸಿನಲ್ಲಿ ಹಾಕಿದೆ. ನನ್ನ ಫೋನಿನಲ್ಲಿ ಯಾರ ಯಾರ ನಂಬರುಗಳಿವೆಯೆಂಬುದು ಆಗ ನೆನಪಿಗೆ ಬರಲಿಲ್ಲ.

ಪ್ರಸಾರವಾದ ಸಂಜೆ ಸರೋಜಾ ಫೋನ್ ಮಾಡಿದಳು. ಕುರುಗೋಡಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದವಳು. ಹುಸೇನಬಿಯ ಓಣಿಯಲ್ಲೇ ಅವಳ ಮನೆ.

"ನೋಡಿದ್ವಿ," ಎಂದಳು. ಮತ್ತೆ, "ಹುಸೇನಬಿ ಮನ್ಯಾಗ ಕೂತು ನೋಡಿದ್ವಿ," ಎಂದಳು.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಿನ್ನ ಸ್ಟೇಟಸ್ ನೋಡಿ ಆಕೀನ ಎಲ್ಲಾರ್ನೂ ಕರದಿದ್ಲು. ನಮ್ಮ ಟೀಚರಮ್ಮ ಟೀವ್ಯಾಗ ಬರ್ತಾರ, ಬರ್ರಿ ಬರ್ರಿ ಅಂತ. ಹತ್ತು ಮಂದಿ ಇದ್ವಿ. ನೀ ಬಂದ ಕೂಡ್ಲೇ, ಆ ಹಸರು ಜಂಪರ್ ನಾ ಹೊಲದಿದ್ದು ಅಂತ ಎದ್ದು ಹೋಗಿ ಟೀವಿ ಮ್ಯಾಲ ಕೈ ಇಟ್ಟು ತೋರಿಸಿದ್ಲು. ಆಮ್ಯಾಲ ನೀ ಓದಾಕ ಶುರು ಮಾಡಿದಿ."

"ಆಕಿ ಏನಂದ್ಲು?"

"ಏನೂ ಅನ್ಲಿಲ್ಲ. ಯಾರೋ ಒಬ್ರು ನಕ್ರು. ಆಕಿ ಒಳಗ ಹೋಗಿ ಎಲ್ಲಾರಿಗೂ ಚಾ ಮಾಡಿ ತಂದ್ಲು."

ಆ ಚಹಾವನ್ನು ನಾನು ಕುಡಿಯಲಿಲ್ಲ; ಆದರೂ ಅದು ಎಷ್ಟೋ ದಿನ ನನ್ನ ಗಂಟಲಿನಿಂದ ಇಳಿಯಲಿಲ್ಲ. ಮೊದಲು ಬರಹವನ್ನು ಬ್ಲಾಗಿನಿಂದ ಅಳಿಸಿದೆ. ಸಾವಿರ ಫೋನುಗಳಿಗೆ ಹಾರಿಹೋದದ್ದನ್ನು ನನ್ನ ಗೂಡಿನಿಂದ ತೆಗೆದರೆ ಏನಾಗುತ್ತದೆ? ಆಮೇಲೆ ಕ್ಷಮಾಪಣೆ ಬರೆಯಲು ಕುಳಿತೆ. ಮೊದಲನೆಯ ಕರಡು ವಕೀಲರ ನೋಟೀಸಿನಂತಿತ್ತು. ಎರಡನೆಯದರಲ್ಲಿ ಹುಸೇನಬಿಗಿಂತ ನನ್ನ ಅಂತಃಕರಣವೇ ಹೆಚ್ಚು ಜಾಗ ಹಿಡಿದಿತ್ತು. ಮೂರನೆಯದನ್ನು ಬರೆಯುತ್ತ ಬರೆಯುತ್ತ ಒಂದು ಉಪಮೆ ಚೆನ್ನಾಗಿ ಕೂಡಿಬಂದು, ಇದನ್ನು ಜನ ಮೆಚ್ಚುತ್ತಾರೆ ಎಂದು ಮನಸ್ಸು ಮೆಲ್ಲಗೆ ಹೇಳಿತು. ಆಗ ನನಗೆ ನನ್ನ ಬಗ್ಗೆ ಬಂದ ಹೇಸಿಗೆ ಮೊದಲಿನ ಸುಳ್ಳಿನದಕ್ಕಿಂತ ದೊಡ್ಡದು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನ್ನ ಯಜಮಾನರು ತಲೆಯೆತ್ತದೆ, "ಬಳ್ಳಾರ್ಯಾಗ ಕೂತು ಎಷ್ಟು ಬರಿತಿ? ಕುರುಗೋಡಿಗೆ ಬಸ್ ಅದಾವಲ್ಲ," ಎಂದರು.

ಭಾನುವಾರ ಹೋದೆ. ಬರಿಗೈಯಲ್ಲಿ ಹೋಗಲು ಹೆದರಿಕೆಯಾಗಿ ಒಂದು ಬಿಳಿಯ ಕಣವನ್ನು ಚೀಲದಲ್ಲಿಟ್ಟುಕೊಂಡೆ. ಬಟ್ಟೆಯಿದ್ದರೆ ಗಿರಾಕಿಯಾಗಿಯಾದರೂ ಒಳಗೆ ಬಿಡುತ್ತಾಳೆಂಬ ಲೆಕ್ಕಾಚಾರ. ಅವಳು ಗುಂಡಿಗಳಿಗೆ ಕಾಜ ಹಾಕುತ್ತ ಕೂತಿದ್ದಳು. ಟೀವಿ ಬಂದ್ ಆಗಿತ್ತು.

"ಬರ್ರಿ ಟೀಚರಮ್ಮ. ಬಿಸಲಾಗ ಬಂದೀರಿ," ಎಂದು ಎದ್ದು ನೀರು ತಂದುಕೊಟ್ಟಳು.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ತಪ್ಪಾತು ಹುಸೇನಬಿ," ಎಂದಷ್ಟೇ ಅಂದೆ.

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಎರಡು ಸಲ ತಪ್ಪಿ ಮೂರನೆಯ ಸಲ ಪೋಣಿಸಿದಳು. ನಾನು ಆ ಕನ್ನಡಕದತ್ತ ನೋಡಲಾರದೆ ನೆಲ ನೋಡಿದೆ.

"ಕನ್ನಡಕದ ಮಾತು ಬರಿಬಾರ್ದಿತ್ರಿ ನೀವು," ಎಂದಳು. "ಜಂಪರಿನ ಮಾತು ಬಿಡ್ರಿ. ಕಣ್ಣು ಕಾಣಂಗಿಲ್ಲ ಅಂತ ಗೊತ್ತಾದ್ರ ದರ್ಜಿ ಹತ್ರ ಯಾರು ಬರ್ತಾರ? ಮೂರು ಮಂದಿ ಬಟ್ಟಿ ವಾಪಸ್ ಒಯ್ದ್ರು."

ಅಷ್ಟರಲ್ಲಿ ಇಬ್ಬರು ಹೆಂಗಸರು ಹೊಲಿದ ಬಟ್ಟೆ ಒಯ್ಯಲು ಬಂದರು. ನನ್ನ ಗುರುತು ಹಿಡಿದು, ಒಬ್ಬಾಕೆ ಹುಸೇನಬಿಯತ್ತ ತಿರುಗಿ, "ನಮ್ದೂ ಬೆನ್ನು ತೆಗದು ಇಟ್ಟಿಯೇನು ಮತ್ತ?" ಎಂದು ನಕ್ಕಳು. ಅದು ಹುಸೇನಬಿ ದಿನವೂ ಕೇಳಿಸಿಕೊಳ್ಳುತ್ತಿದ್ದ ಮಾತಿರಬೇಕು. ಹುಸೇನಬಿ ಬಟ್ಟೆ ಮಡಚುತ್ತಲೇ ಇದ್ದಳು.

"ಆಕಿದೇನೂ ತಪ್ಪಿಲ್ಲ," ಎಂದೆ. "ಅದು ನಾನ ಹೊಲಸಿದ್ದು. ಟೀವಿ ನೋಡಿ ಅಂಥಾದ್ದ ಬೇಕಂತ ಕೇಳಿದ್ದೆ. ಆಕಿ ಬ್ಯಾಡ ಅಂದ್ಲು, ನಾ ಕೇಳ್ಲಿಲ್ಲ. ಗೊಂಡೆ ಸೈತ ನಾನ ಹಾಕಿಸಿದ್ದು. ಮದಿವ್ಯಾಗ ನಾಚಿಕಿ ಆಗಿ ಸುಳ್ಳು ಹೇಳಿದೆ."

ಆಮೇಲೆ ಆ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ನಗುವನ್ನು ನಾನು ಪೂರ್ತಿಯಾಗಿ, ಒಂದು ಹನಿಯನ್ನೂ ಚೆಲ್ಲದೆ ಕುಡಿದೆ. "ಯವ್ವಾ, ಟೀಚರಮ್ಮಗೂ ಗೊಂಡೆ ಆಸಿ ಐತಿ!" ಎನ್ನುತ್ತ ಅವರು ಓಣಿಗಿಳಿದರು. ಸಂಜೆಯೊಳಗೆ ಇಡೀ ಕುರುಗೋಡಿಗೆ ಸುದ್ದಿ ಮುಟ್ಟುವುದು ಖಾತ್ರಿಯಾಗಿತ್ತು.

ಹುಸೇನಬಿ ಸಂತೋಷಪಡುತ್ತಾಳೆಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂದಿತ್ತು.

"ಯಾಕ ಹೇಳಿದ್ರಿ ಅದನ್ನ? ನಾ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ. ನನ್ನ ಮಗಳಿಗೂ ಹೇಳಿಲ್ಲ."

"ನೀ ಯಾಕ ಹೇಳ್ಲಿಲ್ಲ? ಅವತ್ತ ಹೇಳಿದ್ರ ಮುಗೀತಿತ್ತಲ್ಲ."

"ಹ್ಯಾಂಗ ಹೇಳ್ಲಿರಿ? ಈ ಓಣ್ಯಾಗಿನ ಹುಡುಗ್ಯಾರೆಲ್ಲ ನಿಮ್ಮ ಹತ್ರ ಓದ್ಯಾರ. ಈ ವಯಸ್ಸಿನಾಗ ಟೀಚರಮ್ಮ ಇಂಥಾದ್ದು ಕೇಳಿದ್ರು ಅಂತ ನಾ ಹೇಳಿದ್ರ ನಿಮ್ಮ ಮರ್ಯಾದಿ ಏನಾಕೈತಿ? ಹೆಣ್ಮಕ್ಕಳು ನಮ್ಮ ಮುಂದ ಬಂದು ನಿಂತು ಏನೇನೋ ಕೇಳ್ತಾರ. ಅದನ್ನ ಹೊರಗ ಹೇಳಿದ್ರ ನಾ ಎಂಥಾ ದರ್ಜಿ?" ಎಂದಳು. ಹಲ್ಲಿನಿಂದ ದಾರ ಕಡಿದು, "ಈಗ ಇಬ್ಬರ್ದೂ ಹೋತು ನೋಡ್ರಿ," ಎಂದಳು.

ನಾನು ಅತ್ತೆ. ಅವಳು ಸಮಾಧಾನ ಹೇಳಲಿಲ್ಲ, ಗದರಲೂ ಇಲ್ಲ. ಅಳು ಮುಗಿಯುವತನಕ ಕಾಜ ಹಾಕಿದಳು. ಬಳ್ಳಾರಿಯಲ್ಲಿ ಕಣ್ಣಿನ ವೈದ್ಯರೊಬ್ಬರಿದ್ದಾರೆ, ಜೊತೆಗೆ ನಾನೇ ಬರುತ್ತೇನೆ ಎಂದಾಗ ಮಾತ್ರ, "ಮಗಳು ತೋರಸ್ಯಾಳ್ರಿ, ಆಪ್ರೇಷನ್ ಮಾಡಸ್ತಾಳ," ಎಂದು ಆ ಬಾಗಿಲನ್ನೂ ಮೆಲ್ಲಗೆ ಮುಚ್ಚಿದಳು. ಆಮೇಲೆ ನನ್ನ ಚೀಲದತ್ತ ನೋಡಿ, "ಬಟ್ಟಿ ತಂದೀರೇನು? ಕೊಡ್ರಿ," ಎಂದಳು.

ಬಿಳಿಯ ಕಣವನ್ನು ಕೊಟ್ಟೆ. ಹಿಂದೆಲ್ಲ ನಾನು ಹೊಸ್ತಿಲಲ್ಲಿ ನಿಂತಾಗಲೇ ಒಮ್ಮೆ ನೋಡಿ, ಒಂದೀಟು ದಪ್ಪ ಆಗೀರಿ ಎಂದರೆ ಅಳತೆ ಮುಗಿದಂತೆ. ಅಂದು ಅವಳು ಟೇಪು ಹಿಡಿದು, ಹೊಸ ಗಿರಾಕಿಯನ್ನು ಅಳೆಯುವಂತೆ ಭುಜ, ಎದೆ, ತೋಳು ಎಲ್ಲವನ್ನೂ ಅಳೆದಳು. ಮಿಷನ್ನಿನ ಕೆಳಗಿನಿಂದ ಶಾಲೆಯ ಮಕ್ಕಳ ನೋಟುಪುಸ್ತಕವೊಂದನ್ನು ತೆಗೆದಳು. ಪುಟಕ್ಕೊಂದು ಜಂಪರಿನ ಚಿತ್ರ, ಪೆನ್ಸಿಲಿನಲ್ಲಿ. ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಅಂಕಿ. ಪ್ರತಿ ಚಿತ್ರದ ಕೆಳಗೂ ಒಂದು ಸಹಿ, ಕೆಲವಕ್ಕೆ ಹೆಬ್ಬೆಟ್ಟು.

"ಮಗಳು ಹೇಳಿದ್ಲ್ರಿ, ಹಿಂಗ ಬರಸ್ಕೊಂಡ್ರ ಛಲೋ ಅಂತ," ಎಂದಳು. ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ. "ಹಿಂದ ಕೊರಳು ಎಷ್ಟು ಇಳಸ್ಬೇಕ್ರಿ?"

ಬೆರಳಿನಲ್ಲಿ ತೋರಿಸಿದೆ. ಅವಳು ಗೆರೆ ಎಳೆದು, ಅಂಕಿ ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ಸಿಲ್ ಕೊಟ್ಟಳು.

"ಇಲ್ಲೊಂದು ಸಹಿ ಹಾಕ್ರಿ, ಟೀಚರಮ್ಮ."

ಹಾಕಿದೆ. ಅವಳು ಪುಸ್ತಕವನ್ನು ಕನ್ನಡಕದ ಹತ್ತಿರ ಹಿಡಿದು ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಪರೀಕ್ಷಿಸಿದಳು. ಆಮೇಲೆ ಪುಸ್ತಕ ಮುಚ್ಚಿ, "ಶನಿವಾರ ಬರ್ರಿ," ಎಂದಳು.