ನೋಟ್‌ಬುಕ್ಕಿಗೆ ಬಾರದ ಪಾರಿವಾಳ

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಹೋದಾಗ ಹಗ್ಗಕ್ಕೆ ಸಿಕ್ಕಿಕೊಂಡಿದ್ದ ಗಾಳಿಪಟದ ದಾರ ಬೆರಳು ಕೊಯ್ದಿತು. ಗಾಜಿನ ಪುಡಿ ಸವರಿದ ಗುಲಾಬಿ ಬಣ್ಣದ ಮಾಂಜಾ. ಅಹಮದಾಬಾದಿನಲ್ಲಿ ಗಾಳಿಪಟ ಹಾರಿಸುವ ಉತ್ತರಾಯಣದ ಹಬ್ಬ ಕಳೆದು ಎರಡು ವಾರವಾದರೂ ಈ ದಾರ ಊರು ಬಿಡುವುದಿಲ್ಲ. ಮರ, ಕೇಬಲ್ಲಿನ ತಂತಿ, ಸ್ಕೂಟರಿನ ಕನ್ನಡಿ, ಎಲ್ಲೆಂದರಲ್ಲಿ ಜೋತಾಡುತ್ತಿರುತ್ತದೆ. ಬಿಸಾಡಿದರೆ ಮತ್ತಾವುದೋ ಹಕ್ಕಿಯ ಕಾಲಿಗೆ ಸುತ್ತಿಕೊಂಡೀತೆಂದು ಅದನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ಒಳಗೆ ಬಂದೆ. ಹೀಗೆ ಸುತ್ತುವುದು ನನ್ನ ರೂಢಿಯಲ್ಲ, ನಮ್ಮ ಯಜಮಾನರದು. ಅವರು ನಡುಮನೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಅವರಲ್ಲಿ ನಾನು ಕ್ಷಮೆ ಕೇಳಬೇಕಾದ ಒಂದು ವಿಷಯ ಏಳು ವರ್ಷದಿಂದ ಗಂಟಲಲ್ಲೇ ಉಳಿದಿತ್ತು. ಅದೇನೆಂದು ಮೊದಲು ನಿಮಗೆ ಹೇಳಿಬಿಡುತ್ತೇನೆ. ಪರರೆದುರು ತಪ್ಪೊಪ್ಪಿಕೊಳ್ಳುವುದು ಯಾವಾಗಲೂ ಸುಲಭ.

ನಾವು ಹುಬ್ಬಳ್ಳಿ ಕಡೆಯ ಕ್ರೈಸ್ತರು. ಇವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದರು. ವರ್ಗವಾಗಿ ಇಲ್ಲಿಗೆ ಬಂದವರು ಮಣಿನಗರದಲ್ಲಿ ಫ್ಲ್ಯಾಟು ಕೊಂಡು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆವು. ಇಲ್ಲಿನ ಚರ್ಚಿನಲ್ಲಿ ಭಾನುವಾರ ಬೆಳಗಿನ ಆರಾಧನೆ ಹಿಂದಿಯಲ್ಲಿ. ದೇವರಿಗೆ ಹಿಂದಿ ಬಾರದೆಂದಲ್ಲ, ನಮಗೆ ಅದರಲ್ಲಿ ಅಳು ಬರುತ್ತಿರಲಿಲ್ಲ. ಅದಕ್ಕೇ ಚಾಂದ್‌ಖೇಡಾ, ಮಣಿನಗರ ಅಂತ ಚದುರಿಹೋಗಿದ್ದ ಹತ್ತು ಕನ್ನಡ ಮನೆಗಳವರು ಸೇರಿ ತಿಂಗಳಿಗೊಂದು ಭಾನುವಾರ ಸಂಜೆ ಕೂಟ ಮಾಡುತ್ತಿದ್ದೆವು. ಸರದಿಯ ಮೇಲೆ ಒಂದೊಂದು ಮನೆ. ಕೂಟ ಯಾರ ಮನೆಯಲ್ಲೋ ಆ ಮನೆಯ ಯಜಮಾನನೇ ಮೊದಲ ಪ್ರಾರ್ಥನೆ ಮಾಡಬೇಕು, ಅದು ಪದ್ಧತಿ. ಆಮೇಲೆ ಹಾಡು, ಪಾಠ, ಕೊನೆಗೆ ಉಪ್ಪಿಟ್ಟು.

ಪಾಠ ಓದುವವಳು ನಾನು. ನನ್ನ ಹತ್ತಿರ ಒಂದು ನೋಟ್‌ಬುಕ್ಕಿತ್ತು. ದಿನಕ್ಕೊಂದು ಸಾಧಾರಣ ಸಂಗತಿ ಹಿಡಿದು ಅದರಲ್ಲಿ ದೇವರ ಮಾತು ಕಂಡುಹಿಡಿದು ಬರೆಯುವುದು ನನ್ನ ವ್ರತ. ಹಾಲು ಉಕ್ಕಿದರೆ ಕೋಪದ ಬಗ್ಗೆ ಒಂದು ಪುಟ. ಸ್ಟೇಷನ್ನಿನಲ್ಲಿ ರೈಲು ತಪ್ಪಿದರೆ ಬೈಬಲಿನಲ್ಲಿ ದೀಪದ ಎಣ್ಣೆ ಮರೆತು ಮದುವೆಗೆ ತಡವಾದ ಕನ್ಯೆಯರ ಬಗ್ಗೆ ಒಂದು ಪುಟ. ಕಹಿ ಹೀರೇಕಾಯಿ, ಕುಕ್ಕರಿನ ಸೀಟಿ, ತುಕ್ಕು ಹಿಡಿದ ಚಿಲಕ, ಯಾವುದೂ ನನ್ನ ಕೈಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸೂರತ್ತಿನಲ್ಲಿರುವ ಮೊಮ್ಮಗಳು ರಜೆಗೆ ಬಂದಾಗ ಚಪಾತಿ ಸೀದುಹೋದರೆ, "ಅಜ್ಜಿ, ಇಸ್ಮೇ ಭೀ ಮೋರಲ್ ಐತೇನು?" ಎಂದು ಕೇಳುತ್ತಿದ್ದಳು. ಅದರಲ್ಲೂ ನೀತಿ ಇದ್ದೇ ಇರುತ್ತಿತ್ತು, ನನ್ನ ನಸೀಬು ನೋಡಿ.

ಇವರು ಪಾಠದ ಮನುಷ್ಯರಲ್ಲ. ಕೂಟದಲ್ಲಿ ಬಾಗಿಲ ಹತ್ತಿರದ ಸ್ಟೂಲು ಹಿಡಿಯುವರು. ಪ್ರಾರ್ಥನೆ ಮಾಡಿರೆಂದರೆ, "ತಂದೆ, ಎಲ್ಲಾರ್‍ನೂ ಕಾಯಪ್ಪಾ. ಆಮೆನ್," ಅಷ್ಟೇ. ನನಗೆ ನಾಚಿಕೆಯಾಗುತ್ತಿತ್ತು. ಆದರೆ ಉತ್ತರಾಯಣ ಕಳೆದ ಮರುದಿನ ಮಾತ್ರ ಅವರನ್ನು ಹಿಡಿಯುವವರಿಲ್ಲ. ತುದಿಗೆ ಕೊಕ್ಕೆ ಕಟ್ಟಿದ ಬಿದಿರು ಕೋಲು, ಒಂದು ಬಟ್ಟೆ ಚೀಲ, ನನ್ನ ಹೊಲಿಗೆ ಡಬ್ಬಿಯ ಸಣ್ಣ ಕತ್ತರಿ ತೆಗೆದುಕೊಂಡು ಹೊರಟುಬಿಡುವರು. ಗಿಡಮರಗಳಿಂದ ದಾರ ಬಿಡಿಸಿ ಬೆರಳಿಗೆ ಸುತ್ತಿ ಸುತ್ತಿ ಚೀಲ ತುಂಬುವರು. ಎಲ್ಲಿಯಾದರೂ ಹಕ್ಕಿ ಸಿಕ್ಕಿಬಿದ್ದಿದ್ದರೆ ಅದಕ್ಕೆ ಕತ್ತರಿ. ಮೇಲಿನ ಮನೆಯ ಹಂಸಾಬೆನ್ ಒಮ್ಮೆ ನಗುತ್ತ, "ಇವರು ನಮ್ಮ ಜೈನರಿಗಿಂತ ದೊಡ್ಡ ಜೈನರು," ಎಂದಳು. ನಾನು ಚರ್ಚಿನ ಸ್ತ್ರೀ ಸಂಘದ ಕಾರ್ಯದರ್ಶಿ, ನನ್ನ ಗಂಡನಿಗೆ ಇಂಥ ಬಿರುದೇ ಎಂದು ಎರಡು ದಿನ ಮುಖ ಗಂಟುಹಾಕಿಕೊಂಡಿದ್ದೆ.

ಏಳು ವರ್ಷದ ಹಿಂದೆ ಹಬ್ಬದ ಮರುದಿನ ಭಾನುವಾರ ಬಂತು, ಕೂಟದ ಸರದಿಯೂ ನಮ್ಮದೇ. ಸಂಜೆ ಐದಕ್ಕೆ ಎಲ್ಲರೂ ಬಂದು ಕೂತರು. ಯಜಮಾನರಿಲ್ಲ. ಟೆರೇಸಿಗೆ ಹತ್ತಿ ಹೋದೆ. ನೀರಿನ ಟ್ಯಾಂಕಿನ ಪೈಪಿಗೆ ಸಿಕ್ಕ ಪಾರಿವಾಳವೊಂದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಕತ್ತರಿಯ ತುದಿಯಿಂದ ದಾರ ಬಿಡಿಸುತ್ತಿದ್ದರು. "ಅಲುಗಾಡಬ್ಯಾಡೋ ತಮ್ಮಾ, ಇನ್ನ ನಾಕ ಸುತ್ತು ಅದಾವ," ಎಂದು ಅದರ ಜೊತೆ ಮಾತು ಬೇರೆ.

"ರೀ, ಮಂದಿ ಬಂದು ಕುಂತಾರ. ಕೆಳಗ ಬರ್ರಿ," ಎಂದೆ.

"ಹತ್ತ ನಿಮಿಷ ತಡಿ. ರೆಕ್ಕಿ ಬುಡಕ್ಕ ಸುತ್ತೈತಿ. ಈಗ ಬಿಟ್ರ ಒದ್ದಾಡಿ ಇನ್ನಷ್ಟು ಕೊಯ್ಕೋತೈತಿ."

"ಮನಿ ಯಜಮಾನ ಇಲ್ದ ಕೂಟ ಹೆಂಗ ಶುರು ಮಾಡೂದು? ಮುಗದ ಮ್ಯಾಲ ಬಂದು ಬಿಡಸ್ರಿ. ಹಕ್ಕಿ ಎಲ್ಲಿಗೂ ಹೋಗೂದಿಲ್ಲ."

ಆ ಕೊನೆಯ ಮಾತನ್ನು ನಾನೇ ಆಡಿದೆ. ಇಂದಿಗೂ ಕುಕ್ಕರಿನ ಮುಂದೆ ನಿಂತಾಗ, ಬಸ್ಸಿನಲ್ಲಿ ಕೂತಾಗ ಅದು ನನ್ನದೇ ದನಿಯಲ್ಲಿ ಕೇಳಿಸುತ್ತದೆ. ಅವರು ನನ್ನ ಮುಖ ನೋಡಿದರು. ಪಾರಿವಾಳವನ್ನು ಮೆಲ್ಲಗೆ ಟ್ಯಾಂಕಿನ ನೆರಳಿಗೆ ಇಳಿಸಿ, ಮೇಲೊಂದು ಗೋಣಿಚೀಲ ಹೊದಿಸಿ ನನ್ನ ಹಿಂದೆ ಬಂದರು. ಅಂಗಿಯ ತೋಳಿನ ಮೇಲೆ ಹಕ್ಕಿಯ ರಕ್ತವಿತ್ತು. ಅಂಗಿ ಬದಲಿಸಿ ಬನ್ನಿರೆಂದೆ. ಬದಲಿಸಿದರು.

ಇವರು ಪ್ರಾರ್ಥನೆಗೆ ಎದ್ದರು. "ತಂದೆ, ಮ್ಯಾಲ ಒಂದು ಹಕ್ಕಿ ಐತಿ. ನೋಡ್ಕೋ. ಆಮೆನ್," ಎಂದರು. ಯಾರೋ ಕೆಮ್ಮಿದರು. ಮಾನ ಹೋಯಿತೆಂದುಕೊಂಡು ನಾನು ನೋಟ್‌ಬುಕ್ ತೆರೆದೆ. ಆ ದಿನಕ್ಕೆಂದು ವಾರದಿಂದ ತಿದ್ದಿ ತೀಡಿ ಬರೆದಿದ್ದ ಪಾಠ ಯಾವುದರ ಬಗ್ಗೆ ಗೊತ್ತೇ? ಗುಬ್ಬಿಯ ಬಗ್ಗೆ. ಪೇಟೆಯಲ್ಲಿ ಅಗ್ಗಕ್ಕೆ ಮಾರುವ ಒಂದು ಗುಬ್ಬಿ ನೆಲಕ್ಕೆ ಬಿದ್ದರೂ ಪರಲೋಕದ ತಂದೆಗೆ ತಿಳಿಯದೆ ಇರದು ಎಂಬ ಮಾತು ಹಿಡಿದು ನಾಲ್ಕು ಪುಟ. ನನ್ನ ದನಿ ನಡುಗಿತು, ಎಲ್ಲಿ ನಡುಗಬೇಕೆಂದು ನಾನು ಗುರುತು ಮಾಡಿಕೊಂಡಿದ್ದೆ. ಕೂಟದ ಹಿರಿಯರು ಕನ್ನಡಕ ತೆಗೆದು, "ಅಕ್ಕಾರ, ಕಣ್ಣಾಗ ನೀರ ತರಿಸಿದ್ರಿ," ಎಂದರು. ಆ ಹೊತ್ತಿನಲ್ಲಿ ಇವರು ಎರಡು ಸಲ ಸ್ಟೂಲು ಬಿಟ್ಟು ಎದ್ದರು. ಎರಡು ಸಲವೂ ನಾನು ದುರುಗುಟ್ಟಿ ನೋಡಿದೆ. ಕೂತರು.

ಉಪ್ಪಿಟ್ಟು ಮುಗಿದು ಮಂದಿ ಹೋಗುವಷ್ಟರಲ್ಲಿ ಒಂದೂವರೆ ತಾಸಾಗಿತ್ತು. ಇವರು ಮೇಲೆ ಹೋದರು, ತಡವಾಗಿ ಇಳಿದರು. ಪಾತ್ರೆ ತೊಳೆಯುತ್ತಲೇ ನಾನು, "ಏನಾತ್ರಿ?" ಎಂದೆ.

"ಮುಗೀತು," ಎಂದರು. "ದಾರ ಪೂರಾ ತಗದೆ. ದಾರದ ಸಂಗಾಟ ಮಣ್ಣಿಗೆ ಹಾಕಾಕ ಮನಸ ಆಗಲಿಲ್ಲ."

ಕತ್ತರಿ ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟರು. ಒಂದು ಮಾತು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಮರುದಿನ ನಾನು ನೋಟ್‌ಬುಕ್ಕಿನಲ್ಲಿ ಹಾಲಿನವನ ಸಮಯಪಾಲನೆಯ ಬಗ್ಗೆ ಬರೆದೆ. ಪಾರಿವಾಳದ ಬಗ್ಗೆ ಬರೆಯಲಿಲ್ಲ, ಅದರಿಂದ ಸಿಗುವ ಪಾಠ ನನಗೆ ಬೇಕಿರಲಿಲ್ಲ. ತಪ್ಪಾಯಿತೆಂದು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ವರ್ಷಗಳಾದವು. ಕಲ್ಲು ಮನಸ್ಸಿನವಳಲ್ಲ ನಾನು, ಜಂಬದವಳು. ಅಷ್ಟು ಪುಟ ಬರೆದ ಕೈಗೆ ಒಂದು ಸಾಲು ಬರಲಿಲ್ಲ.

ಅಷ್ಟರಲ್ಲಿ ಅವರಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಬೀದಿಗಳು, ಆಮೇಲೆ ಮೊಮ್ಮಗಳ ಹೆಸರು. ಮೂರು ವರ್ಷದಿಂದ ಬಿದಿರು ಕೋಲು ಬಾಗಿಲ ಹಿಂದೆಯೇ ಇದೆ. ನೋಟ್‌ಬುಕ್ ಬರೆಯುವುದನ್ನು ನಾನೂ ಬಿಟ್ಟಿದ್ದೇನೆ. ಕ್ಷಮಿಸಬೇಕಾದವರಿಗೆ ನೆನಪೇ ಇಲ್ಲದಿದ್ದರೆ ಕ್ಷಮೆಯನ್ನು ಯಾರ ಹತ್ತಿರ ಕೇಳುವುದು? ದೇವರ ಹತ್ತಿರ ಕೇಳಿದ್ದೇನೆ. ಆದರೆ ಟೆರೇಸಿನಿಂದ ನಾನು ಕೆಳಗೆ ಕರೆದದ್ದು ದೇವರನ್ನಲ್ಲವಲ್ಲ.

ಈ ಬೆಳಿಗ್ಗೆ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಟ್ಯಾಂಕು, ಗೋಣಿಚೀಲ, ಉಪ್ಪಿಟ್ಟು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ದಾರವನ್ನು ಬೆರಳಿಗೆ ಬಿಗಿಯುತ್ತಿದ್ದುದು ನನಗೇ ಗೊತ್ತಾಗಲಿಲ್ಲ. ಅವರು ಬೇರೆ ಯಾರದೋ ಮನೆಯ ಕಥೆ ಕೇಳುವವರ ಹಾಗೆ ಗಮನವಿಟ್ಟು ಕೇಳಿದರು.

"ಮುಂದ? ಹಾರಿ ಹೋತೇನು ಅದು?" ಎಂದರು.

ಹೌದೆನ್ನಬಹುದಿತ್ತು. ಅವರಿಗೆ ಖುಷಿಯಾಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

"ಇಲ್ರಿ. ಸತ್ತು ಹೋತು. ನಾ ನಿಮ್ಮನ್ನ ಕರದೆ, ಅದಕ್ಕ ಸತ್ತು ಹೋತು. ತಪ್ಪಾತ್ರಿ ನಂದು."

"ಪಾಪ," ಎಂದರು. ಹಕ್ಕಿಗೋ ನನಗೋ ತಿಳಿಯಲಿಲ್ಲ. ಆಮೇಲೆ ಅವರ ಕಣ್ಣು ನನ್ನ ಬೆರಳಿನ ಮೇಲೆ ಬಿತ್ತು. ದಾರ ಬಿಗಿದು ತುದಿ ನೀಲಿಗಟ್ಟಿತ್ತು, ಕೊಯ್ದಲ್ಲಿ ರಕ್ತ ಜಿನುಗುತ್ತಿತ್ತು. ಅವರು ಮುಂದೆ ಬಾಗಿ ನನ್ನ ಕೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಉಗುರಿನಿಂದ ದಾರದ ತುದಿ ಹುಡುಕಿದರು.

"ಅಲುಗಾಡಬ್ಯಾಡ," ಎಂದರು. "ಇನ್ನ ನಾಕ ಸುತ್ತು ಅದಾವ."

ನಾನು ಅಲುಗಾಡಲಿಲ್ಲ.